ಮೀನಿಗೆ ಊಟ ಆಯ್ತಾ?

ಅಕ್ಕನ ಮೀನಿನ ತೊಟ್ಟಿಯ ನೀರು ಕೆಟ್ಟಿದೆಯೆಂದರೆ ಪುಟ್ಟಿಗೆ ನಂಬುವುದಕ್ಕೇ ಆಗಲಿಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಆಯುಷ್ಯ ಸವೆಸಿದವಳು ಅಕ್ಕ. ಸಾರಿಗೆ ಹಾಕುವ ಉಪ್ಪನ್ನೂ ಚಮಚದ ಅಂಚಿಗೆ ಸಮ ಮಾಡಿಯೇ ಹಾಕುವಂಥವಳು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಶಿಸ್ತೆಲ್ಲ ಹಾಲಿನ ಮೂಲೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ಪಾಲಾಗಿತ್ತು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು. ದೊಡ್ಡದು ಹೆಣ್ಣು, ಚಿಕ್ಕದು ಗಂಡು. "ಮನೆ ನಡೆಸೋರು ಯಾರು ಅಂತ ಬೇರೆ ಹೇಳ್ಬೇಕಾ?" ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ದೊಡ್ಡದಕ್ಕೆ ಯಜಮಾನ್ತಿ ಎಂದೇ ಹೆಸರು.

ಪುಟ್ಟಿ ಎಂದರೆ ಏನೂ ಚಿಕ್ಕವಳಲ್ಲ, ಐವತ್ತು ದಾಟಿದವಳು. ಹೆಂಗಸರ ಸಲೂನಿನಲ್ಲಿ ದಿನವಿಡೀ ನಿಂತು ಕೂದಲು ಕತ್ತರಿಸುವುದು ಅವಳ ಕೆಲಸ. ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅಕ್ಕ. ಮುಂದೆ ಗಂಡನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ವಾಪಸು ಬಂದಾಗ, ಯಾಕೆ ಏನು ಎಂದು ಕೇಳದೆ ಬೀರುವಿನಲ್ಲಿ ಅರ್ಧ ಜಾಗ ತೆರವು ಮಾಡಿಕೊಟ್ಟವಳೂ ಅಕ್ಕನೇ.

ಒಂದು ಸಂಜೆ ಪುಟ್ಟಿ ಮನೆಗೆ ಬಂದಾಗ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಅಕ್ಕ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು.

"ನಿನ್ನ ಹಾಳು ಸ್ಪ್ರೇದೇ ಕೆಲಸ ಇದು. ಮೈಗೆಲ್ಲ ಮೆತ್ಕೊಂಡು ಬಂದು ಗಾಜಿಗೆ ಮೂತಿ ಒತ್ತಿ ನಿಂತ್ಕೋತೀಯ."

"ನನ್ನ ಸ್ಪ್ರೇಗೆ ಹೆಂಗಸರ ಕೂದಲೇ ನಿಲ್ಲಲ್ಲ ಅಕ್ಕ, ಇನ್ನು ನಿನ್ನ ನೀರು ಕೆಡಿಸತ್ತಾ?"

ಇಬ್ಬರೂ ನಕ್ಕರು. ಆಮೇಲೆ ಕೆಲಸಕ್ಕೆ ಕೈ ಹಚ್ಚಿದರು. ಫಿಲ್ಟರಿನ ಹತ್ತಿ ಬದಲಿಸಿದರು. ಪಂಪ್ ಬಿಚ್ಚಿ ತೊಳೆದರು. ಹೊಸ ಉಪ್ಪು ಸರಿಯಾಗಿ ಕರಗಿರಲಿಲ್ಲವೇನೋ ಎಂದು ಉಪ್ಪಿನಂಶ ಅಳೆದು ನೋಡಿದರು, ಸರಿಯಾಗಿಯೇ ಇತ್ತು. ಮರುದಿನ ನೀರು ಇನ್ನೂ ಬೆಳ್ಳಗಾಯಿತು.

ಪುಟ್ಟಿ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಮೀನಿನ ಅಂಗಡಿಗೆ ಹೋದಳು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಮರಳಿನ ಧೂಳಾಗಿದ್ರೆ ಇಷ್ಟು ಹೊತ್ತಿಗೆ ತಳಕ್ಕೆ ಕೂತಿರೋದು. ಇದು ಕೂತಿಲ್ಲ. ಒಳಗೆ ಏನೋ ಕೊಳೀತಿದೆ, ಅದನ್ನ ತಿಂದು ಬ್ಯಾಕ್ಟೀರಿಯಾ ಬೆಳೀತಿದೆ. ಊಟ ಜಾಸ್ತಿ ಹಾಕ್ತಿದ್ದೀರಾ ಮೇಡಂ?"

"ನಮ್ಮಕ್ಕನಾ? ಬೆಳಗ್ಗೆ ಒಂದು ಚಿಟಿಕೆ. ಹೆಚ್ಚು ಹಾಕು ಅಂತ ನೀವು ಕಾಲಿಗೆ ಬಿದ್ರೂ ಹಾಕಲ್ಲ."

"ಹಾಗಾದ್ರೆ ತೊಟ್ಟಿಯೊಳಗಿನ ಬಂಡೆ ಸಂದೀಲಿ ಏನಾದ್ರೂ ಸತ್ತಿದೆಯಾ ನೋಡಿ," ಎಂದ ಅವನು.

ಬಂಡೆಗಳನ್ನು ಒಂದೊಂದಾಗಿ ಎತ್ತಿ ನೋಡಿದರೂ ಸತ್ತದ್ದು ಏನೂ ಸಿಗಲಿಲ್ಲ. ಆದರೆ ಆ ಬಗ್ಗಿ ಏಳುವುದರಲ್ಲಿ ಪುಟ್ಟಿಯ ಸೊಂಟ ಹಿಡಿದುಕೊಂಡಿತು. ಬೆಳಗ್ಗೆ ಸಲೂನಿಗೆ ಬರುವುದಿಲ್ಲವೆಂದು ಫೋನ್ ಮಾಡಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಹಾಲಿನ ಸೋಫಾ ಮೇಲೆ ಮಲಗಿದಳು.

ತಿಂಡಿಯಾದ ಮೇಲೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಮೀನಿನ ಊಟದ ಡಬ್ಬಿ ತೆಗೆದಳು. ಗಾಜಿನ ಮೇಲೆ ಉಗುರಿನಿಂದ ಟಕ್ಕೆಂದು ಬಡಿದಳು. "ಬನ್ನಿ ಬನ್ನಿ ಮಹಾರಾಣಿ, ಹೊಟ್ಟೆ ಹಸೀತಾ?" ಎಂದು ಒಂದು ಚಿಟಿಕೆ ಉದುರಿಸಿದಳು. ಸರಿಯಾಗಿ ಒಂದೇ ಚಿಟಿಕೆ. ಪುಟ್ಟಿ ಕಣ್ಣು ಮುಚ್ಚಿದಳು.

ಟಕ್ಕೆಂಬ ಸದ್ದಿಗೆ ಎಚ್ಚರವಾಯಿತು. ಕಿಟಕಿಯ ಬಿಸಿಲು ಇನ್ನೂ ಸೋಫಾದ ಕಾಲನ್ನೂ ದಾಟಿರಲಿಲ್ಲ. "ಬನ್ನಿ ಬನ್ನಿ ಮಹಾರಾಣಿ, ಹೊಟ್ಟೆ ಹಸೀತಾ?" ಅದೇ ರಾಗ, ಅದೇ ಚಿಟಿಕೆ. ಅಕ್ಕ ಡಬ್ಬಿ ಮುಚ್ಚಿ ಒಳಗೆ ಹೋದಳು. ಒಗೆಯುವ ಬಟ್ಟೆ ಎತ್ತಿಕೊಂಡು ಹಾಲಿಗೆ ಬಂದವಳು ತೊಟ್ಟಿ ಕಂಡಕೂಡಲೇ ನಿಂತಳು. "ಅಯ್ಯೋ, ನಿಮಗಿನ್ನೂ ಊಟಾನೇ ಹಾಕಿಲ್ಲ ನೋಡಿ," ಎಂದು ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ ಮತ್ತೆ ಡಬ್ಬಿ ತೆಗೆದಳು.

ಪುಟ್ಟಿ ಸೊಂಟ ಹಿಡಿದುಕೊಂಡು ಎದ್ದು ಕೂತಳು. ಇತ್ತೀಚಿನದೆಲ್ಲ ಒಟ್ಟಿಗೆ ನೆನಪಿಗೆ ಬಂತು. ಎರಡೆರಡು ಸಲ ಉಪ್ಪು ಬಿದ್ದ ಸಾರು, ಪಕ್ಕದ ಮನೆಯವರ ಬಗ್ಗೆ ಅಕ್ಕ ಹೇಳಿದ್ದನ್ನೇ ಹೇಳುತ್ತಿದ್ದ ಸುದ್ದಿ. ವಯಸ್ಸಾಯಿತು ಎಂದುಕೊಂಡು ತಾನೇ ಅದನ್ನೆಲ್ಲ ತಳ್ಳಿಹಾಕಿದ್ದಳು.

ಹೇಳುವ ಧೈರ್ಯ ಬರಲಿಲ್ಲ. ಮಧ್ಯಾಹ್ನ ಡಬ್ಬಿಯನ್ನು ತನ್ನ ಕೈಚೀಲದಲ್ಲಿ ಅಡಗಿಸಿಟ್ಟಳು. ಅದು ಇನ್ನೂ ಕೆಟ್ಟದಾಯಿತು. ಅಕ್ಕ ಮನೆಯೆಲ್ಲ ತಡಕಾಡಿದಳು, ಕಪಾಟು ಬರಿದು ಮಾಡಿದಳು. "ಎಲ್ಲಿ ಇಟ್ಟೆ, ಎಲ್ಲಿ ಇಟ್ಟೆ" ಎಂದು ತಲೆ ಚಚ್ಚಿಕೊಂಡಳು. ಅದನ್ನು ನೋಡಲಾರದೆ ಪುಟ್ಟಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಅಕ್ಕ ಡಬ್ಬಿಯನ್ನು ನೋಡಿದಳು, ತಂಗಿಯ ಮುಖವನ್ನು ನೋಡಿದಳು. ಬೈಯುತ್ತಾಳೆಂದು ಪುಟ್ಟಿ ಕಾದಳು. ಅವಳು ಬೈಯಲಿಲ್ಲ. ನಿಧಾನವಾಗಿ ಕುರ್ಚಿ ಎಳೆದು ಕೂತಳು.

"ಎಷ್ಟು ಸಲ ಹಾಕ್ದೆ?"

"ನಾನು ನೋಡ್ತಿದ್ದ ಹಾಗೆ ಮೂರು."

ಅಕ್ಕ ಡಬ್ಬಿಯ ಮುಚ್ಚಳ ಒತ್ತಿ ಅದನ್ನು ತಂಗಿಯ ಕಡೆ ಸರಿಸಿದಳು.

"ಅಂಗಡಿ ಯಾಕೆ ಬಿಟ್ಟೆ ಗೊತ್ತಾ ಪುಟ್ಟಿ? ಕಾಲು ನೋವು ಅಂತ ನಿಂಗೆ ಹೇಳಿದ್ದೆ. ಕಾಲಿಗೇನೂ ಆಗಿರ್ಲಿಲ್ಲ. ಒಬ್ಬ ತಾಯಿಗೆ ಮಗೂನ ಔಷಧಿ ಬದಲು ಬೇರೆ ಬಾಟಲಿ ಕೊಟ್ಬಿಟ್ಟೆ. ಅವಳು ಬಾಗಿಲಲ್ಲೇ ಓದಿ ನೋಡಿ ವಾಪಸ್ ತಂದ್ಲು, ನನ್ನ ಪುಣ್ಯ. ಅಂಗಡಿ ಯಜಮಾನರು ಏನೂ ಅನ್ಲಿಲ್ಲ. ಆದ್ರೆ ನಂಗೆ ಆಮೇಲೆ ಕೌಂಟರ್ ಹತ್ರ ನಿಲ್ಲೋಕೇ ಧೈರ್ಯ ಬರ್ಲಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ ಅಕ್ಕ?"

"ನಿನ್ನ ಸಾಕಿದವಳು ನಾನು. ಈ ವಯಸ್ಸಲ್ಲಿ ನೀನು ನನ್ನ ಸಾಕು ಅಂತ ಹೇಗೆ ಹೇಳ್ಲಿ?" ಅವಳು ತೊಟ್ಟಿಯ ಕಡೆ ತಿರುಗಿದಳು. "ಮನೇಲಿದ್ರೆ ಯಾರಿಗೂ ತೊಂದರೆ ಇಲ್ಲ ಅಂದ್ಕೊಂಡೆ ಕಣೇ. ಎರಡು ಮೀನಿಗೆ ಊಟ ಹಾಕೋದಕ್ಕೆ ಎಷ್ಟು ನೆನಪು ಬೇಕು?"

ಪುಟ್ಟಿ ಅವಳ ಕೈ ಹಿಡಿದುಕೊಂಡಳು. ಅಳು ಬಂದದ್ದು ಪುಟ್ಟಿಗೇ. ಅಕ್ಕ ಅವಳ ತಲೆ ನೇವರಿಸುತ್ತ ಕೂತಳು, ಶಾಲೆಯಲ್ಲಿ ಬಿದ್ದು ಬಂದ ಹುಡುಗಿಯನ್ನು ನೇವರಿಸಿದ ಹಾಗೆ.

ಆ ಸಂಜೆಯೇ ಅಮೋನಿಯಾ ಪರೀಕ್ಷೆ ಮಾಡಿದರು. ಪರೀಕ್ಷೆಯ ಕೊಳವೆಯಲ್ಲಿ ಹಳದಿಯಾಗಿರಬೇಕಾದ ನೀರು ಕಡು ಹಸಿರಾಯಿತು, ವಿಷ ಅಷ್ಟು ಏರಿತ್ತು. ತಳದಲ್ಲಿ ಕೊಳೆತ ಕೂಳನ್ನು ಪೈಪಿನಿಂದ ಎಳೆದರು, ಸ್ವಲ್ಪ ನೀರು ಬದಲಿಸಿದರು, ಗಾಳಿಯ ಪಂಪ್ ಇನ್ನೊಂದು ಹಾಕಿದರು. ಯಾವುದಕ್ಕೆ ಎಷ್ಟು ಎಂದು ಅಕ್ಕನೇ ಹೇಳಿಕೊಟ್ಟಳು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಯಜಮಾನ್ತಿಗೆ ತಡವಾಗಿತ್ತು. ಬೆಳಗಾಗುವಾಗ ಅವಳು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಚಿಕ್ಕದು ಪಕ್ಕದಲ್ಲೇ ಸುಳಿದಾಡುತ್ತಿತ್ತು. ಅಕ್ಕ ಸತ್ತ ಮೀನನ್ನು ಕೈಯಲ್ಲಿ ಎತ್ತಿಕೊಂಡು, "ನಾನೇ ಕೊಂದೆ, ಊಟ ಹಾಕಿ ಹಾಕಿ ಕೊಂದೆ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಬಾಲ್ಕನಿಯ ಕುಂಡದ ಮಣ್ಣಿನಲ್ಲಿ ಇಬ್ಬರೂ ಅದನ್ನು ಹೂತರು.

ಆ ವಾರವೇ ಪುಟ್ಟಿ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರರು ಅವಳೊಡನೆ ತುಂಬ ಹೊತ್ತು ಮಾತಾಡಿ, ತಲೆಯ ಸ್ಕ್ಯಾನ್ ಮಾಡಿಸಿದರು. ಮರೆವಿನ ಕಾಯಿಲೆಯ ಹೆಸರು ಕೇಳಿ ಅಕ್ಕ ತಲೆಯಾಡಿಸಿದಳು. ಅದಕ್ಕೆ ಕೊಡುವ ಮಾತ್ರೆಗಳನ್ನು ಅವಳೇ ಎಷ್ಟೋ ಜನರಿಗೆ ಪೊಟ್ಟಣ ಕಟ್ಟಿ ಕೊಟ್ಟಿದ್ದಳು. "ಈ ಮಾತ್ರೆ ಮರೆವನ್ನ ತಡೆಯೋದಿಲ್ಲ, ನಿಧಾನ ಮಾಡತ್ತೆ ಅಷ್ಟೆ," ಎಂದು ಹೊರಗೆ ಬಂದ ಮೇಲೆ ತಂಗಿಗೆ ಅವಳೇ ತಿಳಿಸಿ ಹೇಳಿದಳು.

ಕೆಲವೇ ದಿನಗಳಲ್ಲಿ ನೀರು ತಿಳಿಯಾಯಿತು. ಸಲೂನಿನವರನ್ನು ಕೇಳಿ ಪುಟ್ಟಿ ಅರ್ಧ ದಿನದ ಕೆಲಸಕ್ಕೆ ಬದಲಾದಳು. ಅವಳಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಮೀನಿನ ಊಟದ ಡಬ್ಬಿ ಈಗ ಬೀರುವಿನ ಪುಟ್ಟಿಯ ಅರ್ಧದಲ್ಲಿದೆ, ಅಕ್ಕನೇ ಅಲ್ಲಿ ಇಡು ಎಂದದ್ದು. ಅಕ್ಕನ ಪಾಲಿಗೆ ಉಳಿದದ್ದು ತೊಟ್ಟಿಯ ಹೊರಗಿನ ಗಾಜು ಒರೆಸುವ ಕೆಲಸ. ಮೆತ್ತನೆಯ ಬಟ್ಟೆ ಹಿಡಿದು ದಿನಕ್ಕೆ ಎಷ್ಟು ಸಲ ಒರೆಸುತ್ತಾಳೋ, ಯಾರೂ ಲೆಕ್ಕ ಇಡುವುದಿಲ್ಲ.

ಒಂದು ಬೆಳಗ್ಗೆ ಒರೆಸುತ್ತಿದ್ದವಳು ನಿಂತು, "ಯಜಮಾನ್ತಿ ಎಲ್ಲೇ ಪುಟ್ಟಿ? ಕಾಣ್ತಾನೇ ಇಲ್ಲ," ಎಂದಳು. ಪುಟ್ಟಿ ನಿಜ ಹೇಳಿದಳು. ಅಕ್ಕ ಆಗಷ್ಟೇ ಸುದ್ದಿ ತಿಳಿದವಳಂತೆ ನೆಲಕ್ಕೆ ಕುಸಿದು ಅತ್ತಳು. ವಾರದೊಳಗೆ ಮತ್ತೆ ಕೇಳಿದಳು. ಪುಟ್ಟಿ ಮತ್ತೆ ನಿಜ ಹೇಳಿದಳು, ಅಕ್ಕ ಮತ್ತೆ ಅಷ್ಟೇ ಅತ್ತಳು.

ಮೂರನೆಯ ಸಲ ಕೇಳಿದಾಗ ಪುಟ್ಟಿ ಸಲೂನಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಬಾಗಿಲ ಕಡೆಯೇ ಮುಖ ಮಾಡಿಕೊಂಡು, "ಬಂಡೆ ಹಿಂದೆ ಮಲಗಿದೆ ಅಕ್ಕ," ಎಂದಳು.

"ಹೌದಾ? ಮಲಗ್ಲಿ ಬಿಡು ಪಾಪ," ಎಂದು ಅಕ್ಕ ದನಿ ತಗ್ಗಿಸಿ, ಗಾಜಿಗೆ ಸದ್ದಾಗದ ಹಾಗೆ ಒರೆಸತೊಡಗಿದಳು.