ಕೂಗಿಗೆ ಮರುಕೂಗು

ಮೂರು ವರ್ಷಗಳಿಂದ ನನ್ನ ಅಣ್ಣ ತಾಮತಿಗೆ ಬೇಟೆಯಲ್ಲಿ ಒಂದೂ ಗಂಡುಜಿಂಕೆ ಸಿಕ್ಕಿರಲಿಲ್ಲ. ಕ್ರಿಸ್‌ಮಸ್ಸಿಗೆ ಪಬ್ಬಿನ ಹುಡುಗರು ಅವನಿಗೆ ಇಲಿಬೋನು ಉಡುಗೊರೆ ಕೊಟ್ಟರು. ಎಲ್ಲರ ಜತೆ ಅವನೂ ನಕ್ಕ. ಆದರೆ ಆಮೇಲೆ ಅವನ ಕೈಗೆ ಅವಸರ ಹತ್ತಿತು. ಪೊದೆ ಅಲುಗಿದರೆ ಸಾಕು, ಬಂದೂಕಿನ ನಳಿಗೆ ಅತ್ತ ತಿರುಗುತ್ತಿತ್ತು. ಏಪ್ರಿಲ್‌ನ ಬೆದೆಗಾಲದಲ್ಲಿ ಅವನ ಜತೆ ಕಾಡಿಗಿಳಿಯುವವನು ನನ್ನ ಗಂಡ ಡಂಕನ್. ನನ್ನ ಹೆದರಿಕೆಯೆಲ್ಲ ಅದೇ.

ಹಾಗಾಗಿ ಮಾರ್ಚ್ ಕೊನೆಗೆ ಅವರಿಬ್ಬರೂ ಜಾಗ ನೋಡಿಬರಲು ಕೈಮನಾವಾ ಬೆಟ್ಟಕ್ಕೆ ಹೊರಟಾಗ ನಾನೂ ಬೆನ್ನುಹತ್ತಿದೆ.

"ನೀನ್ಯಾಕೇ ಹಿನೆವಾಯ್? ಕುರಿ ಕಾಯೋರ್ಯಾರು?" ಅಂದ ಅಣ್ಣ.

"ಕುರಿಗಳಿಗೆ ಬುದ್ಧಿ ಇದೆ. ನಿಮ್ಮನ್ನ ಕಾಯೋರು ಬೇಕಲ್ಲ. ಬರೀ ನೋಡಕ್ಕೆ ಹೋಗೋನಿಗೆ ಬಂದೂಕ್ಯಾಕೆ?"

"ಹಂದಿ ಗಿಂದಿ ಸಿಕ್ರೆ ಊಟಕ್ಕಾಯ್ತದೆ, ಸುಮ್ನಿರು."

ಡಂಕನ್ ಸೌದೆ ಒಡೆಯುತ್ತೇನೆಂದು ನಾವು ಇಳಿದುಕೊಂಡಿದ್ದ ಗುಡಿಸಲಲ್ಲೇ ಉಳಿದ. ನಾವಿಬ್ಬರು ತೊರೆಗುಂಟ ಹತ್ತಿದೆವು. ಬೀಚ್ ಮರಗಳ ನಡುವೆ ಜಿಂಕೆ ಹೊರಳಾಡಿದ ಕೆಸರುಗುಂಡಿ ಸಿಕ್ಕಿತು. ಗಬ್ಬುವಾಸನೆ, ಕೆಸರಿನಲ್ಲಿ ಹಸಿ ಕೂದಲು, ಪಕ್ಕದ ಮರದಲ್ಲಿ ಕೊಂಬು ತಿಕ್ಕಿ ಸುಲಿದ ತೊಗಟೆ. ಅಣ್ಣನ ಮುಖ ಅರಳಿತು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು.

ಅವನು ಚೀಲದಿಂದ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಪೈಪಿನ ತುಂಡು ತೆಗೆದು ಬಾಯಿಗಿಟ್ಟು ಜಿಂಕೆಯಂತೆ ಕೂಗಿದ. ನಮ್ಮ ಬೇಟೆಯೇ ಹಾಗೆ. ಬೆದೆಗೆ ಬಂದ ಗಂಡು ಎದುರಾಳಿಯೆಂದುಕೊಂಡು ಮರುಕೂಗು ಹಾಕುತ್ತ ತಾನೇ ಬರುತ್ತದೆ.

ಆಚೆಯ ಗುಡ್ಡದ ಏಣಿನಿಂದ ಮರುಕೂಗು ಬಂತು. ಅಣ್ಣ ಕೂಗಿದ, ಅದೂ ಕೂಗಿತು. ಪ್ರತಿಸಲವೂ ಹತ್ತಿರವಾಯಿತು. ಅಣ್ಣ ಬೋರಲು ಮಲಗಿ ಗುಂಡು ತುಂಬಿದ.

"ಬಂದ ನೋಡು! ಕೊಂಬಿಗೆ ಎಂಟು ಕವಲು... ಅಲ್ಲಲ್ಲ, ಹತ್ತು!"

"ತಾಳೋ, ನನಗೇನೂ ಕಾಣ್ತಿಲ್ಲ."

"ಶ್!"

ಮತ್ತೊಮ್ಮೆ ಕೂಗು ಬಂತು. ಅದರ ಬಾಲಕ್ಕೆ ಅಂಟಿಕೊಂಡು ಒಂದು ಕೆಮ್ಮು. ಆ ಕೆಮ್ಮಿನ ಪಕ್ಕದಲ್ಲಿ ನಾನು ಇಷ್ಟು ವರ್ಷ ಮಲಗಿದ್ದೇನೆ. ನಳಿಗೆಯ ಮುಂದೆ ಯಾವತ್ತೂ ಹೋಗಬಾರದೆಂದು ಕಲಿಸಿದವನೇ ಅಣ್ಣ. ಅದೇ ನಳಿಗೆಗೆ ಅಡ್ಡ ನಿಂತು ಕಿರುಚಿದೆ.

"ಡಂಕನ್! ಅಲ್ಲೇ ನಿಲ್ಲು!"

ಜರಿಗಿಡಗಳನ್ನು ಸರಿಸಿಕೊಂಡು ಡಂಕನ್ ಬಂದ. ಕೈಯಲ್ಲಿ ಅಂಥದೇ ಪೈಪು, ಮೈಮೇಲೆ ಕಣ್ಣಿಗೆ ರಾಚುವ ಕಿತ್ತಳೆ ಅಂಗಿ.

"ಅಯ್ಯೋ, ನೀನಾ ಭಾವ! ಎಂಥಾ ಕೊಬ್ಬಿದ ಗಂಡು ಸಿಕ್ತು ಅಂತ ಓಡೋಡಿ ಬಂದೆ!"

"ಸೌದೆ ಒಡೀತೀನಿ ಅಂದವನು ಹೇಳದೆ ಕೇಳದೆ ಇಲ್ಲಿಗ್ಯಾಕೆ ಬಂದೆ?" ನಾನು ಅವನ ಕೈಯಿಂದ ಪೈಪು ಕಿತ್ತುಕೊಂಡೆ. "ನಿನ್ನ ಹೆಣ ಹೊತ್ಕೊಂಡು ಇಳೀಬೇಕಿತ್ತಾ ನಾನು?"

"ಏನೂ ಆಗ್ಲಿಲ್ವಲ್ಲ ಮಾರಾಯ್ತಿ. ಭಾವನಿಗೊಂದು ಕನ್ನಡಕ ಹಾಕ್ಸಿದ್ರಾಯ್ತು."

ಅಣ್ಣ ನಗಲಿಲ್ಲ. ದೂರದ ಬೋಳುಗುಡ್ಡದತ್ತ ಕೈ ತೋರಿಸಿದ. "ಅಲ್ಲೊಂದು ಮೇಕೆ, ಹಿಂದೆ ಅದರ ಮರಿ."

ನಾನು ದುರ್ಬೀನು ಹಿಡಿದು ನೋಡಿದೆ. ಮೇಕೆಯೂ ಇತ್ತು, ಮರಿಯೂ ಇತ್ತು.

"ಕಣ್ಣಿಗೇನೂ ಆಗಿಲ್ಲ ಕಣೋ ಡಂಕನ್," ಅಂದ ಅಣ್ಣ. " ಹತ್ತು ಕವಲು ಎಣಿಸ್ದೆ. ಕುತ್ತಿಗೆ ಕೂದ್ಲೂ ಕಂಡೆ. ನಿನ್ನ ಅಂಗಿ ಮಾತ್ರ ಕಾಣ್ಲೇ ಇಲ್ಲ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅವನ ಆಸೆಗೆ ನನ್ನ ಗಂಡನ ತಲೆಯ ಮೇಲೆ ಕೊಂಬು ಮೂಡಿತ್ತು. ಡಂಕನ್ ನಗು ನಿಲ್ಲಿಸಿ ಕೆಸರಿನ ಅಂಚಿನಲ್ಲೇ ಕುಸಿದು ಕೂತ.

ಅಣ್ಣ ಗುಂಡು ಹೊರತೆಗೆದು, ಬಂದೂಕಿನ ಬೋಲ್ಟ್ ಕಳಚಿ ನನ್ನ ಅಂಗೈಗಿಟ್ಟು ನನ್ನ ಬೆರಳು ಮಡಚಿದ. ಅದಿಲ್ಲದೆ ಬಂದೂಕಿನಿಂದ ಗುಂಡು ಹಾರದು.

"ಬೆದೆಗಾಲ ಬಂದಾಗ ಇದನ್ನ ವಾಪಸ್ ಕೇಳ್ತೀನಿ ಹಿನೆವಾಯ್. ಬೈತೀನಿ, ಕಾಲಿಗೂ ಬೀಳ್ತೀನಿ. ಕೊಡ್ಬೇಡ."