ನೆಟ್ಟಗೆ ನಿಂತಿದ್ದ ಬಾಟಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೇ ಮೊದಲು ಸಿಟ್ಟು ಬಂತು, ಹೆದರಿಕೆ ಆಮೇಲೆ. ಬೆಳಿಗ್ಗೆ ನಮ್ಮ ವೈನ್ ಅಂಗಡಿಯ ನೆಲಮಾಳಿಗೆಗೆ ಇಳಿದರೆ, ಗೂಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಅಣ್ಣನ ಬಾಟಲಿ ಮೇಜಿನ ಮೇಲೆ ನೆಟ್ಟಗೆ ನಿಂತಿತ್ತು. ಬೀಗದ ಕೈ ಇರುವುದು ಒಂದೇ, ಅದು ನನ್ನ ಸೊಂಟದಲ್ಲಿ. ಬಾಟಲಿಯ ಧೂಳಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ.

ಅಣ್ಣ ಸತ್ತು ಮೂರು ವರ್ಷ.

ಅದು ಇಟಲಿಯ ಬರೋಲೊ, ಕೆಂಪು ವೈನ್. ಎಳೆಯದರಲ್ಲೇ ಕುಡಿದರೆ ಒಗರಿಗೆ ನಾಲಿಗೆ ಮಡಚಿಕೊಳ್ಳುತ್ತದೆ. ಕತ್ತಲಲ್ಲಿ, ತಂಪಿನಲ್ಲಿ ಮಲಗಿಸಿಟ್ಟರೆ ಒಗರು ಇಳಿದು ಗಸಿ ಕಟ್ಟುತ್ತದೆ. ಕುಡಿಯುವ ಮುನ್ನಾದಿನ ಎತ್ತಿ ನಿಲ್ಲಿಸಲೇಬೇಕು, ಗಸಿ ತಳ ಸೇರಬೇಕು. ಇಲ್ಲದಿದ್ದರೆ ಎಲ್ಲ ಕದಡಿ ಲೋಟಕ್ಕೆ ಬರುತ್ತದೆ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ವರ್ಷಗಳ ಹಿಂದೆ, ಹಾಸಿಗೆ ಹಿಡಿದ ಅಮ್ಮ, "ನಿಮ್ಮಪ್ಪ ಇಟ್ಟ ಬರೋಲೊ ಒಂದು ಗುಟುಕು ಕೊಡ್ರಪ್ಪಾ" ಎಂದಾಗ ಓಡಿಹೋಗಿ, ಮಲಗಿದ್ದ ಬಾಟಲಿಯನ್ನೇ ಎಳೆದು ತಂದು ಬಗ್ಗಿಸಿದೆ. ಇದ್ದದ್ದು ಅದೊಂದೇ. "ಒಂದು ದಿನ ನಿಲ್ಸೋಣ ಕಣೇ" ಎಂದು ಅಣ್ಣ ಗೋಗರೆದ. ಕೇಳಲಿಲ್ಲ. ಅಮ್ಮನ ಬಾಯಿಗೆ ಹೋದದ್ದು ಕೆಸರು. ಮುಖ ಕಿವುಚಿ ಉಗಿದಳು. ಮೂರನೇ ದಿನ ಹೋಗಿಬಿಟ್ಟಳು. ಅಲ್ಲಿಯವರೆಗೂ ನನ್ನ ಕೈಯಿಂದ ನೀರನ್ನೂ ಮುಟ್ಟಲಿಲ್ಲ.

ಆಗ ಅಣ್ಣ ಎಳೆಯ ಬರೋಲೊ ಒಂದನ್ನು ಗೂಡಿಗೆ ಸೇರಿಸಿ, "ಇದು ಮಾಗೋಕೆ ಇಪ್ಪತ್ತು ವರ್ಷ. ಅಲ್ಲಿವರೆಗೂ ನಿನ್ನ ಜೊತೆ ಮಾತಿಲ್ಲ" ಎಂದ. ಹಿಡಿದದ್ದು ಬಿಡದ ಮೊಂಡ. ಇಬ್ಬರೂ ಅದೇ ನೆಲಮಾಳಿಗೆಯಲ್ಲಿ ದುಡಿದರೂ ವ್ಯವಹಾರವೆಲ್ಲ ಗೋಡೆಯ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. "ಹನ್ನೆರಡು ಕೆಂಪು ಮೇಲೆ ಕಳಿಸು." "ನಿನ್ನ ಅಡುಗೆಗೆ ಉಪ್ಪಿಲ್ಲ." ನಾನೇನು ಕಡಿಮೆಯೇ? "ನಾಲಿಗೆ ಇದ್ದರೆ ಬಾಯಿಬಿಟ್ಟು ಹೇಳು" ಎಂದು ಬರೆಯುತ್ತಿದ್ದೆ. ಹದಿನೇಳನೆಯ ವರ್ಷ ಮಾತಾಡದೆಯೇ ಹೋದ. ನನ್ನನ್ನು ಕ್ಷಮಿಸಿದ್ದನೋ ಇಲ್ಲವೋ, ಅದೊಂದೇ ನನ್ನನ್ನು ಕೊರೆಯುತ್ತಿತ್ತು.

ಅವನು ಹೋದಾಗ ನಾನೇ ಒರೆಸಿಟ್ಟಿದ್ದ ಹಲಗೆಯ ಮೇಲೆ ಈಗ ಅವನದೇ ಓರೆ ಅಕ್ಷರ: "ನಾಳೆ."

ನಾಳೆಗೆ ಇಪ್ಪತ್ತು ತುಂಬುತ್ತಿತ್ತು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಕೆಳಗಿಳಿದೆ. ಅಗಲ ಹೊಟ್ಟೆಯ ಎರಡು ಲೋಟ ಇಟ್ಟೆ. ಬಿರಡೆಯನ್ನು ಮುರಿಯದಂತೆ ಎಳೆದೆ. ಮೇಣದಬತ್ತಿ ಹಚ್ಚಿ, ಬಾಟಲಿಯ ಕತ್ತನ್ನು ಬೆಳಕಿಗೆ ಹಿಡಿದು, ಗಾಜಿನ ಹೂಜಿಗೆ ನೂಲಿನಂತೆ ಸಣ್ಣಗೆ ಬಗ್ಗಿಸತೊಡಗಿದೆ. ಗಸಿ ಕತ್ತಿಗೆ ಬಂತೆಂದರೆ ನಿಲ್ಲಿಸಬೇಕು. ಬಣ್ಣ ಇಟ್ಟಿಗೆಗೆ ತಿರುಗಿತ್ತು, ಒಣಗಿದ ಗುಲಾಬಿಯ ವಾಸನೆ ಎದ್ದಿತು. ಅಮ್ಮ ಉಗಿದದ್ದು ನೆನಪಾಗಿ ಕಣ್ಣು ತುಂಬಿತು, ಏನೂ ಕಾಣಿಸಲಿಲ್ಲ. ಕೈ ಮಾತ್ರ ಬಗ್ಗಿಸುತ್ತಲೇ ಇತ್ತು.

"ಸಾಕು, ನಿಲ್ಸೇ ಗಡಿಬಿಡಿ."

ಕಿವಿಯ ಪಕ್ಕದಲ್ಲೇ. ಬತ್ತಿಯ ಉರಿ ಅಲುಗಲಿಲ್ಲ. ನನ್ನನ್ನು ಗಡಿಬಿಡಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಕೈ ತಟಕ್ಕನೆ ನಿಂತಿತು; ಗಸಿಯ ಕಪ್ಪು ಗೆರೆ ಬಾಟಲಿಯ ಕತ್ತಿನಲ್ಲೇ ಉಳಿಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಅಣ್ಣಾ, ಇನ್ನೂ ಸಿಟ್ಟಾ ನಿನಗೆ?"

"ಅಮ್ಮಂಗೆ ಮೊದ್ಲು ಹಾಕು."

ಮೇಜು ನೋಡಿದೆ. ಎರಡು ಲೋಟ ಇಟ್ಟಿದ್ದ ಕಡೆ ಮೂರಿದ್ದವು. ಮೂರನೆಯದು ಅಂಚು ಒಡೆದ ಅಮ್ಮನ ಲೋಟ. ಅದನ್ನು ಅವಳ ಜೊತೆಯಲ್ಲೇ ಮಣ್ಣು ಮಾಡಿದ್ದೆವು.

ಹೂಜಿಗಿಳಿದ ಮೇಲೆ ವೈನಿಗೆ ಎರಡು ಗಂಟೆ ಗಾಳಿ ಆಡಬೇಕು. ಈ ಸಲ ಕಾದೆ. ಕೈಕಟ್ಟಿ ಕೂತು, ಗಡಿಯಾರ ನೋಡುತ್ತಾ, ಹುಟ್ಟಿದ ಮೇಲೆ ಮೊದಲ ಸಲ ಕಾದೆ. ಆಮೇಲೆ ಆ ಒಡಕು ಲೋಟಕ್ಕೇ ಮೊದಲು ಹಾಕಿ, ಕಣ್ಣು ಮುಚ್ಚಿ, ಎದುರಿನ ಕತ್ತಲಿಗೆ ಚಾಚಿದೆ.

"ತಗೋ ಅಮ್ಮಾ."

ತಣ್ಣನೆಯ ಬೆರಳುಗಳು ನನ್ನ ಬೆರಳ ಮೇಲೆ ಕೂತವು. ಲೋಟ ನಿಧಾನವಾಗಿ ಹಗುರಾಯಿತು. ಕಣ್ಣು ಬಿಟ್ಟಾಗ ಅದರ ತಳದಲ್ಲಿ ಗಸಿಯ ಒಂದು ಚುಕ್ಕೆಯೂ ಇರಲಿಲ್ಲ.