ತಾನೇ ಕಲಿತವನು

ಹಳದಿ, ಇಷ್ಟು ಹಳದಿ ಯಾಕೆ ಬೇಕಿತ್ತು, ಬಾಣಲೆಯಿಂದ ಈಗಷ್ಟೇ ಎತ್ತಿ ಎಣ್ಣೆ ಬಸಿಯಲು ಬಿಟ್ಟ ಮಿರ್ಚಿಯ ಹಾಗೆ ಏಳು ಜನ ಟೀವಿಯ ಹುಲ್ಲಿನ ಮೇಲೆ ಮಿನುಗುತ್ತಿದ್ದಾರೆ, ಅವರಲ್ಲಿ ಬಲತುದಿಯವನು, ಬೆನ್ನ ಮೇಲೆ ಹನ್ನೊಂದು ಬರೆಸಿಕೊಂಡವನು, ಅವನೇ ಭರತ, ತಂಬ್ರಹಳ್ಳಿ ಗೀತಮ್ಮನ ಮಗ, ಎಡವಲಿ, ಎಂದು ಗವಿಸಿದ್ದೇಶ ಮನಸ್ಸಿನಲ್ಲೇ ಹೇಳಿಕೊಂಡ, ಒಂದೇ ಒಂದು ಸಲ ಎಡವಲಿ, ಕೊಟ್ಟೂರಿನ ಕಲ್ಯಾಣಮ್ಮನ ಹೋಟೆಲಿನಲ್ಲಿ ಈ ಭಾನುವಾರ ಸಂಜೆ ಮಂಡಕ್ಕಿ ಮುಕ್ಕುತ್ತ ಕೂತ ಇಪ್ಪತ್ತು ಮಂದಿಯೂ ನೋಡುವ ಹಾಗೆ ಮೂತಿ ಅಡಿಯಾಗಿ ಬೀಳಲಿ. ಧಾರಾವಾಹಿ ಬಿಟ್ಟರೆ ಬೇರೇನೂ ಕಾಣದ ಟೀವಿ ಇದು, ಇವತ್ತು ತಂಬ್ರಹಳ್ಳಿಯಿಂದ ಬಸ್ಸು ಹತ್ತಿ ಬಂದ ಪಾಲಣ್ಣ ರಿಮೋಟು ಕಸಿದುಕೊಂಡು ಕೂತಿದ್ದಾನೆ, ನಮ್ಮೂರ ಹುಡುಗ ಫೈನಲ್ ಆಡ್ತಾನಬೇ ಕಲ್ಯಾಣಮ್ಮ, ನಿನ್ನ ಸೊಸಿ-ಅತ್ತಿ ಜಗಳ ನಾಳೆ ನೋಡೀಯಂತ, ಕಲ್ಯಾಣಮ್ಮ ಮಿರ್ಚಿ ಎತ್ತುವ ಜಾಲರಿ ಹಿಡಿದೇ ಬಂದು ಕೇಳಿದಳು, ಇದೇನ್ ಆಟಲೇ ಪಾಲಣ್ಣ, ಚೆಂಡು ನೋಡಿದ್ರ ಸುಲಿದ ತೆಂಗಿನಕಾಯಿ ಆಗೈತಿ. ಅದು ರಗ್ಬಿಬೇ, ಕೈಯಾಗ ಹಿಡ್ಕಂಡು ಮುಂದಕ್ಕ ಓಡಬೇಕು, ಒಗೀಬೇಕಂದ್ರ ಹಿಂದಕ್ಕ ಒಗೀಬೇಕು, ಆ ಬಿಳಿ ಗೆರಿ ಮ್ಯಾಲ ಚೆಂಡು ಒತ್ತಿದ್ರ ಐದು ಪಾಯಿಂಟು, ಚೆಂಡು ಒತ್ತಬೇಕು ಮತ್ತ, ಬರೇ ಮನುಷ್ಯ ಬಿದ್ರ ಏನಿಲ್ಲ. ಹಿಂದಕ್ಕ ಒಗದು ಮುಂದಕ್ಕ ಹೋಗೋದಾ, ತೆಲಿಗಿ ಊರಿಗೆ ಹೋಗೋ ಬಸ್ಸು ಸಂದ್ಯಾಗ ತಿರುಗಿಸಿದಂಗೈತಿ ಬಿಡು, ಅಂದಳು ಕಲ್ಯಾಣಮ್ಮ. ಎಲ್ಲರೂ ನಕ್ಕರು, ಗವಿಸಿದ್ದೇಶ ನಗಲಿಲ್ಲ, ಆ ಐದು ಪಾಯಿಂಟಿಗೆ ಟ್ರೈ ಅನ್ನುತ್ತಾರೆ ಎಂದು ಇವರಿಗೆ ಹೇಳಲೇ, ಮುಟ್ಟಿಸಿದವನದೂ ಟ್ರೈ, ಮುಟ್ಟಿಸಲಾಗದವನದೂ ಬರೀ ಟ್ರೈ, ತನ್ನ ಹದಿನಾರು ವರ್ಷದ ಪಿ.ಟಿ. ಮೇಷ್ಟ್ರುಗಿರಿ ಎರಡನೆಯ ಜಾತಿಯದು — ಮಿರ್ಚಿಯ ತೊಟ್ಟು ಮುರಿದ.

ನಿನ್ನೆಯದು ಗಂಟಲಲ್ಲೇ ಇದೆ, ಶನಿವಾರದ ಸೆಮಿಫೈನಲ್, ಮನೆಯಲ್ಲಿ ಮೊಬೈಲಿನಲ್ಲಿ ನೋಡಿದ್ದು, ಭರತ ಎರಡು ಸಲ ಗೆರೆ ದಾಟಿದ, ಎರಡು ಸಲವೂ ಇವನ ಕಾಲು ತಾನಾಗಿ ಮಂಚದ ಪಟ್ಟಿಗೆ ಒದ್ದಿತು, ಆಮೇಲೆ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಮೈಕು ಹಿಡಿದು ಯಾರು ನಿನ್ನ ಕೋಚು, ಯಾರು ಇಷ್ಟು ಓಡಲು ಕಲಿಸಿದವರು ಎಂದು ಕೇಳಿದಳು, ಗವಿಸಿದ್ದೇಶ ಎದ್ದು ಕೂತ, ಲುಂಗಿ ಸರಿಮಾಡಿಕೊಂಡ, ಟೀವಿಯವರು ತನ್ನನ್ನೇ ನೋಡುತ್ತಾರೇನೋ ಎಂಬ ಹಾಗೆ, ಆ ಹುಡುಗ ಬೆವರು ಒರೆಸಿಕೊಂಡು ಹಲ್ಲು ಬಿಟ್ಟ, ಐ ಲರ್ನ್ ಮೈಸೆಲ್ಫ್ ಮೇಡಂ, ನೋ ಕೋಚ್ ಇನ್ ಮೈ ವಿಲೇಜ್. ಬಚ್ಚಲ ಕನ್ನಡಿಯ ಮುಂದೆ ಅದನ್ನು ಎಷ್ಟು ಸಲ ಆಡಿದ ಇವನು, ಮೈಸೆಲ್ಫ್ ಮೇಡಂ, ಮೂಗಿನಿಂದ ಒಂದು ಸಲ, ಭರತನ ಒಡೆದ ದನಿಯಲ್ಲಿ ಒಂದು ಸಲ, ಯಾರ ಜೋಡಿ ಮಾತಾಡಾಕತ್ತೀರಿ ಒಳಗ ಎಂದು ಹೆಂಡತಿ ಸುಕನ್ಯಾ ಬಾಗಿಲು ಬಡಿಯುವ ತನಕ. ಸುಮ್ನ ಬಿಡ್ರಿ, ಸಣ್ಣ ಹುಡುಗ, ಗಾಬರಿಯಾಗಿರ್ತಾನ ಎಂದಳು ಊಟಕ್ಕೆ ಬಡಿಸುತ್ತ. ಗಾಬರಿಯಂತೆ, ತಾನು ಹಗರಿಬೊಮ್ಮನಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನಾಲ್ಕು ವರ್ಷ ಮೊದಲ ಬಸ್ಸಿಗೆ ಬರುತ್ತಿದ್ದನಲ್ಲ ಆ ಕಡ್ಡಿಕಾಲಿನವನು, ಇವನ ಬೂಟು ತೊಟ್ಟು, ಬೂಟಿನ ತುದಿಗೆ ಪೇಪರು ತುರುಕಿಕೊಂಡು, ಇವನ ಸ್ಕೂಟರಿನ ಹಿಂದೆ ಕೂತು ಹಡಗಲಿ, ಹರಪನಹಳ್ಳಿ ಎಂದು ಕಬಡ್ಡಿ ಪಂದ್ಯಗಳಿಗೆ, ಅಲ್ಲೆಲ್ಲ ಇಲ್ಲದ ಗಾಬರಿ. ಬಳ್ಳಾರಿಗೆ ರಗ್ಬಿಯವರು ಹುಡುಗರನ್ನು ಆರಿಸಲು ಬಂದಾಗ, ಸರ ಅದೇನ್ ಆಟಾನೋ ನಂಗ ಬರಂಗಿಲ್ರಿ ಎಂದು ಬೇವಿನ ಗಿಡ ತಬ್ಬಿಕೊಂಡು ನಿಂತವನನ್ನು, ಓಡಾಕ ಬರ್ತೈತಲ್ಲ, ಹೋಗಲೇ ಎಂದು ನೂಕಿದ ಕೈ ಯಾರದು. ವಿಂಗರ್ ಅಂತೆ ಈಗ, ರೆಕ್ಕೆಯವನಂತೆ, ಪುಕ್ಕ ಅಂಟಿಸಿದವನ ಹೆಸರು ಮಾತ್ರ ಗಾಳಿಗೆ. ಕೋಚ್ ಆದವನು ಕೊಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಹೀಗೇ ಕೊಚ್ಚಿ ಹೋಗುತ್ತಾನೆ. ಹಾಗಾದರೆ ಇಲ್ಲಿಗೆ ಯಾಕೆ ಬಂದೆ, ಮನೆಯಲ್ಲೇ ನೋಡಬಹುದಿತ್ತು — ಗೊತ್ತು, ಯಾರಾದರೂ ಒಬ್ಬರು ತಿರುಗಿ, ಇವರಾ ನೋಡ್ರಿ ಅವಗ ಕಲಿಸಿದ ಸರ, ಅನ್ನಲಿ ಎಂದೇ, ಮಂಡಕ್ಕಿ ತಣ್ಣಗಾಯಿತು, ಯಾರೂ ತಿರುಗಲಿಲ್ಲ, ಪಾಲಣ್ಣ ಕೂಡ, ನಮಸ್ಕಾರ ಸರ ಅಂದವನು ಆಮೇಲೆ ಬೆನ್ನನ್ನೇ ತೋರಿಸಿದ್ದಾನೆ.

ಇಪ್ಪತ್ತೊಂದು ನೀಲಿಗೆ, ಹದಿನೇಳು ಹಳದಿಗೆ, ಉಳಿದದ್ದು ಅರ್ಧ ನಿಮಿಷ, ಚೆಂಡು ಕೈಯಿಂದ ಕೈಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಕೊನೆಗೆ ಬಲತುದಿಗೆ, ಭರತನ ಎಡಗಂಕುಳಿಗೆ, ಓಡುತ್ತಿದ್ದಾನೆ, ಹೋಟೆಲೇ ಎದ್ದು ನಿಂತಿತು, ಓಡಲೇ ಓಡಲೇ, ಗವಿಸಿದ್ದೇಶನ ಒಳಗೂ ಯಾವನೋ ಓಡಲೇ ಅಂದ, ಇನ್ಯಾವನೋ ಬೀಳಲಿ ಅಂದ, ಒಬ್ಬ ನೀಲಿಯವನನ್ನು ದಾಟಿದ, ಇಬ್ಬರನ್ನು, ಗೆರೆಗೆ ಎರಡು ಹೆಜ್ಜೆ ಇರುವಾಗ ಮೂರನೆಯವನು ಹಾರಿ ಕಣಕಾಲಿಗೆ ಬಿಗಿದ, ಭರತ ಬಿದ್ದ, ಮೂತಿ ಅಡಿಯಾಗಿ, ಕೇಳಿಕೊಂಡಿದ್ದ ಹಾಗೇ, ಬಿದ್ದವನು ಮೈಯನ್ನೆಲ್ಲ ಹಗ್ಗದ ಹಾಗೆ ಎಳೆದು ಕೈ ಚಾಚಿದ, ಬಲಗೈ, ಖಾಲಿ ಕೈ, ನಾಲ್ಕು ಬೆರಳು ಗೆರೆ ಮುಟ್ಟಿದವು, ಚೆಂಡು ಎಡಗಂಕುಳಿನಲ್ಲಿ ಹಾಗೇ ಬೆಚ್ಚಗೆ, ತಲೆ ಎತ್ತಿ ರೆಫರಿಯತ್ತ ನೋಡಿ ನಕ್ಕ. ನಗುತ್ತಿರುವಾಗಲೇ ನೀಲಿಯವರು ಚೆಂಡು ಕಿತ್ತುಕೊಂಡು ಹೊರಕ್ಕೆ ಒದ್ದರು, ರೆಫರಿ ಸೀಟಿ ಊದಿದ, ಪಂದ್ಯ ಮುಗಿಯಿತು. ಚೆಂಡು ಬಿಟ್ಟು ಕೈ ಮುಟ್ಟಿಸಿದನಲ್ಲೋ ಮಾರಾಯ, ಪಾಲಣ್ಣ ಕೂತ, ಕಬಡ್ಡಿ ಅನ್ಕಂಡ್ನೇನಲೇ ಅವ, ಯಾವನಲೇ ಇವಗ ಇದನ್ನ ಕಲಿಸಿದಾಂವ. ಟೀವಿಯಲ್ಲಿ ಮತ್ತೆ ತೋರಿಸುತ್ತಿದ್ದಾರೆ, ನಿಧಾನವಾಗಿ, ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ, ಅಂದು ಶಾಲೆಯ ಮೈದಾನದಲ್ಲಿ ಇದೇ ಭರತನ ಸೊಂಟಕ್ಕೆ ಟವೆಲು ಬಿಗಿದು ಹಿಂದಿನಿಂದ ನಾಲ್ವರು ಜಗ್ಗುತ್ತಿದ್ದಾರೆ, ಸುಣ್ಣದ ಗೆರೆಯ ಈಚೆ ಗವಿಸಿದ್ದೇಶ ಕುಕ್ಕರಗಾಲಲ್ಲಿ ಕೂತು ಅರಚುತ್ತಿದ್ದಾನೆ, ಕೈ ಚಾಚಲೇ, ಮೈ ಬರದಿದ್ರ ಬ್ಯಾಡ, ಬಲಗೈ ಬರ್ಲಿ, ಬೆರಳು ಮುಟ್ಟಿದ್ರ ಸಾಕು ಹಿಡಿದೋರೆಲ್ಲ ಔಟು, ಮುಟ್ಟಿದ ಮ್ಯಾಲ ತಲಿ ಎತ್ತಿ ಅಂಪೈರ್ ಕಡಿ ನೋಡು, ನಗು, ಅವರಿಗೆ ಅನುಮಾನ ಬರಬಾರ್ದು, ದಿನಕ್ಕೆ ಐವತ್ತು ಸಲ, ನಾಲ್ಕು ವರ್ಷ, ನಿದ್ದೆಯಲ್ಲೂ ಚಾಚಬೇಕು ಹಾಗೆ, ಚಾಚಿದ, ಕಲಿಸಿದ್ದರಲ್ಲಿ ಒಂದು ಕೂದಲೆಳೆ ತಪ್ಪದ ಹಾಗೆ, ಆ ನಗು ಕೂಡ. ಸರ, ಕಲ್ಯಾಣಮ್ಮ ಜಾಲರಿ ಕೆಳಗಿಟ್ಟು ತಿರುಗಿದಳು, ಈಗ ತಿರುಗಿದಳು, ನಿಮ್ಮ ಹಂತೇಕ ಅಲ್ಲೇನ್ರಿ ಈ ಹುಡುಗ ಕಲ್ತದ್ದು. ಪಾಲಣ್ಣನೂ ತಿರುಗಿದ, ಇಪ್ಪತ್ತು ಮುಖಗಳೂ. ನಿನ್ನೆಯಿಂದ ಕಾದಿದ್ದ ಮಾತು, ಉತ್ತರ ಬಾಯಿಗೆ ತಾನಾಗಿ ಬಂತು, ಒಡೆದ ದನಿಯಲ್ಲಿ, ನಿನ್ನೆ ಕನ್ನಡಿಯ ಮುಂದೆ ರೂಢಿಯಾದ ದನಿಯಲ್ಲಿ, ನಾ ಏನೂ ಕಲಿಸಿಲ್ಲಬೇ, ತಾನಾ ಕಲ್ತಾನಂತ, ಟೀವಿಯಾಗ ಅಂವನಾ ಹೇಳ್ಯಾನಲ್ಲ. ಹೌದೇನ್ರಿ ಎಂದು ಮುಖಗಳು ಟೀವಿಯತ್ತ ಹೊರಳಿದವು, ಮತ್ತೆ ತೋರಿಸುತ್ತಿದ್ದಾರೆ, ಇನ್ನೂ ನಿಧಾನವಾಗಿ, ಇನ್ನೂ ಹತ್ತಿರದಿಂದ, ಗೆರೆ, ಗೆರೆಯ ಮೇಲೆ ನಾಲ್ಕು ಬೆರಳು, ಉಗುರಿನಲ್ಲಿ ಬಿಳಿ, ಮತ್ತೆ ಗೆರೆ, ನಾಲ್ಕು ಬೆರಳು, ಖಾಲಿ, ನಾಲ್ಕು ಬೆರಳು —